ಸರಿ ಬೆಸ

ಕುತೈಸಿಯ ಹಳೆ ಬಸ್ ನಿಲ್ದಾಣದ ಪಕ್ಕ
ಬೂಟು ಹೊಲಿಯುವ ಗುರಾಮನ ಗೂಡು,
ಕಣ್ಣು ಮಂಜಾಗಿ ಅವನು ಸೂಜಿ ಕೆಳಗಿಟ್ಟ ಮೇಲೆ
ನನ್ನದಾಯಿತು, ತಿಂಗಳಿಗೆ ನೂರೈವತ್ತು ಲರಿ ಬಾಡಿಗೆಗೆ.
ಗೋಡೆಗೆ ಮೂರು ಸಲ ಸುಣ್ಣ ಬಳಿದೆ.
ಅಂಟಿನ ವಾಸನೆ ಹೋಗಲಿಲ್ಲ.
ಈಗಲೂ ಮಳೆಯ ದಿನ ಗುಲಾಬಿಗೆ ಮೂಗಿಟ್ಟರೆ
ಮೊದಲು ಬರುವುದು ಬೂಟಿನ ಅಟ್ಟೆ,
ಆಮೇಲೆ ಹೂವು.

ಹದಿನೇಳು ವರ್ಷ ಕಾರ್ಖಾನೆಯ ಲೆಕ್ಕ ಬರೆದವಳು ನಾನು.
ಬೋಲ್ಟು, ನಟ್ಟು, ಗ್ರೀಸಿನ ಡಬ್ಬಿ,
ಯಾವುದೂ ಬಾಡುತ್ತಿರಲಿಲ್ಲ.
ಇಲ್ಲಿ ಸಂಜೆಯಾದರೆ ಅಸಲೇ ತಲೆ ಬಗ್ಗಿಸುತ್ತದೆ.
ಖಾತೆ ಪುಸ್ತಕದಲ್ಲಿ ಗೆರೆ ಎಳೆದು ಹೊಸದೊಂದು ಮನೆ ಮಾಡಿದೆ:
'ಬಾಡಿದ್ದು.'
ಮೊದಲ ತಿಂಗಳು ಎಲ್ಲಕ್ಕಿಂತ ಉದ್ದ ಬೆಳೆದದ್ದು ಅದೇ.

ಭಾವ ತೆಂಗಿಜ್ ನಕ್ಕ.
"ಹಿತ್ತಲಲ್ಲಿ ಹೂವಿಲ್ಲದ ಮನೆ ಈ ಊರಲ್ಲಿ ಯಾವುದಿದೆ, ತ್ಸಿಯುರಿ?"
ನಕ್ಕವನೇ ಮರುದಿನ
ಮಾಂಸದಂಗಡಿಯ ಹಳೆ ಫ್ರಿಜ್ಜು ಹೊತ್ತು ತಂದ.
ಗೊರಕೆ ಹೊಡೆಯುತ್ತದೆ ಅದು, ಗಂಡಸಿನ ಹಾಗೆ,
ನಿಂತರೆ ಎದ್ದು ಒದೆಯಬೇಕು.

ಬೋಣಿ ಮಾಡಿದ್ದು ಒಬ್ಬ ಶಾಲೆಯ ಹುಡುಗ.
ಜೇಬಿನ ಚಿಲ್ಲರೆಯನ್ನೆಲ್ಲ ಸುರಿದು "ನಾಲ್ಕು ಟ್ಯುಲಿಪ್" ಅಂದ.
ಯಾರು ಸತ್ತರು ಮಗು, ಎಂದೆ.
ಬೆಚ್ಚಿಬಿದ್ದ. ಸಂಗೀತದ ಟೀಚರ ಹುಟ್ಟುಹಬ್ಬವಂತೆ.
ಹಾಗಾದರೆ ಮೂರು ಒಯ್ಯಿ, ಇಲ್ಲ ಐದು.
ಬದುಕಿದವರಿಗೆ ಬೆಸ, ಮಣ್ಣಾದವರಿಗೆ ಸರಿ,
ನಿನ್ನಜ್ಜಿ ಹೇಳಿಕೊಟ್ಟಿಲ್ಲವೇ?
ದುಡ್ಡು ನಾಲ್ಕಕ್ಕೇ ಇತ್ತು. ಐದು ಕಟ್ಟಿಕೊಟ್ಟೆ.
ಬೋಣಿಯಲ್ಲೇ ನಷ್ಟ. ಬರೆದಿಟ್ಟೆ.

ಮಾರ್ಚ್ ಎಂಟಕ್ಕೆ ಗಂಡಸರು ಸಾಲುಗಟ್ಟಿದರು,
ವರ್ಷವಿಡೀ ಮರೆತದ್ದು ಒಂದೇ ಬೆಳಿಗ್ಗೆ ನೆನಪಾದವರ ಹಾಗೆ.
ಮಿಮೋಸಾದ ಹಳದಿ ಪುಡಿ
ನನ್ನ ರೆಪ್ಪೆಯ ಮೇಲೆ, ರೊಟ್ಟಿಯ ಮೇಲೆ, ನೋಟುಗಳ ಮೇಲೆ.
ಮೂರು ತಿಂಗಳ ಬಾಡಿಗೆ ಮಧ್ಯಾಹ್ನದೊಳಗೆ ಹುಟ್ಟಿತು.
ಕೊನೆಗುಳಿದ ಮುರುಕು ಕೊಂಬೆಯನ್ನು
ಚಹಾ ಲೋಟದಲ್ಲಿ ನಾನೇ ಇಟ್ಟುಕೊಂಡೆ.

ನವೆಂಬರಿನಲ್ಲಿ ಒಂದು ಫೋನು, ಇಟಲಿಯ ಬಾರಿ ಊರಿಂದ.
ಖತುನಾ ಅಂತ ಹೆಸರು. ಅಲ್ಲಿ ಯಾರದೋ ತಾಯಿಯ ಮೈ ಒರೆಸುತ್ತಾಳೆ,
ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಾಳೆ.
ಕಾಗದಪತ್ರ ನೆಟ್ಟಗಿಲ್ಲ, ಒಮ್ಮೆ ಬಂದರೆ ಮತ್ತೆ ಹೋಗುವಂತಿಲ್ಲ.
ಇಲ್ಲಿ ಅವಳ ತಾಯಿ ಮಂಗಳವಾರ ತೀರಿಕೊಂಡಳು.
"ಬಿಳಿ ಸೇವಂತಿಗೆ. ನೀವೇ ಹೋಗಿ ಇಡುತ್ತೀರಾ?"
ಎಷ್ಟು, ಎಂದೆ.
ಆಚೆ ನಲ್ಲಿ ಸುರಿಯುವ ಸದ್ದು,
ಯಾವುದೋ ಮುದಿ ದನಿ ಅವಳನ್ನು ಕರೆಯುವ ಸದ್ದು.
"ಒಂಬತ್ತು."
ತಿದ್ದಲೆಂದು ಬಾಯಿ ತೆರೆದೆ.
ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.
ಸರಿ, ಎಂದೆ.
ಎಂದ ಮೇಲೂ ಆ ಮಾತು
ನಾಲಗೆಯ ಮೇಲೆಯೇ ಉಳಿಯಿತು, ಬೀಜದ ಹಾಗೆ.

ಗುಡ್ಡದ ಮೇಲೆ ಹಸಿ ಮಣ್ಣು, ಬೂಟಿಗೆ ಅಂಟುವ ಕೆಸರು.
ಒಂಬತ್ತನ್ನೂ ಒಪ್ಪವಾಗಿಟ್ಟು ಫೋಟೋ ತೆಗೆದು ಕಳಿಸಿದೆ.
ಹತ್ತನೆಯದನ್ನು ಕೋಟಿನೊಳಗಿಂದ ಎಳೆದದ್ದು ಆಮೇಲೆ,
ಅದು ಫೋಟೋದಲ್ಲಿ ಬೀಳಬಾರದು.
ಮುದುಕಿಗೆ ಸಲ್ಲಬೇಕಾದದ್ದು ಸಲ್ಲಲಿ,
ಮಗಳ ಫೋನಿನಲ್ಲಿ ಇನ್ನಷ್ಟು ದಿನ ಬೆಸವೇ ಇರಲಿ.

ಸಂಜೆ ಖಾತೆ ತೆರೆದೆ. ಮಾರಿದ್ದು: ಒಂಬತ್ತು.
ಹತ್ತನೆಯದನ್ನು ಯಾವ ಮನೆಯಲ್ಲಿ ಬರೆಯಲಿ?
ಬಾಡಿದ್ದಲ್ಲ. ದಾನವೆಂದರೆ ದೊಡ್ಡ ಮಾತಾಯಿತು.
ನನ್ನ ಚೀಲದಿಂದ ಎರಡು ಲರಿ ತೆಗೆದು ಗಲ್ಲಾಕ್ಕೆ ಹಾಕಿ
ಗಿರಾಕಿಯ ಹೆಸರಿನ ಮುಂದೆ ತ್ಸಿಯುರಿ ಎಂದು ಬರೆದೆ.
ಚೌಕಾಸಿ ಮಾಡಲಿಲ್ಲ.

ಫ್ರಿಜ್ಜು ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಎದ್ದು ಒದ್ದೆ.
ನಾಳೆ ಮದುವೆಯೊಂದಿದೆ, ಎಪ್ಪತ್ತೊಂದು ಗುಲಾಬಿ,
ಇನ್ನೂ ಮುಳ್ಳು ತೆಗೆದಿಲ್ಲ.