ಖಾಲಿ ಕಂಸ

ಬೆತಿಂ ಕಡವಿನ ಕಚೇರಿಗೆಂದು
ಪುಟ್ಟದೊಂದು ಪ್ರೋಗ್ರಾಮು ಬರೆದೆ, ಪೈಥಾನಿನಲ್ಲಿ.
ಹೆಸರು ‘ಉಬ್ಬರ’.
ತಾರೀಖು ಕೊಡು, ಜೆಟ್ಟಿ ಹೇಳು,
ಮಾಂಡವಿ ಎಷ್ಟು ಹೊತ್ತಿಗೆ ಎಷ್ಟು ಮೆಟ್ಟಿಲು ಏರುತ್ತಾಳೆಂದು
ಎರಡು ಸಾಲಲ್ಲಿ ಹೇಳಿ ಸುಮ್ಮನಾಗುತ್ತದೆ.

ನನ್ನ ಮೇಜಿನ ಮೇಲೆ ಒಮ್ಮೆಯೂ ಎಡವಲಿಲ್ಲ.
ಎಡವುವುದೆಲ್ಲಿ ಬಂತು? ಫೈಲಿನ ಕೊನೆಯಲ್ಲಿ ಕಾದು ಕೂತು
ಟೈಪಿಸಿದ ಮಾತನ್ನೆಲ್ಲ ಪಟ್ಟಿ ಕಟ್ಟಿ
ನಾನೇ ಅದರ ಕೈಗಿಡುತ್ತಿದ್ದೆ,
ಶಾಲೆಗೆ ಹೊರಟ ಮಗುವಿಗೆ ಬುತ್ತಿ ಕೊಟ್ಟ ಹಾಗೆ.

ಸೋಮವಾರ ಕಚೇರಿಯ ಹಳೇ ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿದೆ.
ಕೈತಾನ್ ಒಂದೇ ಬೆರಳಲ್ಲಿ ಒತ್ತಿದ:
ಉಬ್ಬರ, ನಾಳೆಯ ತಾರೀಖು, ರಿಬಂದರ್.
ತೆರೆಯ ತುಂಬ ಇಂಗ್ಲಿಷು. ಕೊನೆಯ ಸಾಲು ಅಳುಮೋರೆಯದು:
ಮೇನ್‌ಗೆ ಬರಬೇಕಾದ್ದೊಂದು ಬಂದಿಲ್ಲ.
“ಬಾಯಿ, ನಾನು ಎಲ್ಲ ಕೊಟ್ಟೆನಲ್ಲ?” ಎಂದ,
ಚಿಲ್ಲರೆ ಲೆಕ್ಕ ತಪ್ಪಿದವನಂತೆ.

ಕೊಟ್ಟಿದ್ದ, ಪಾಪ.
ನನಗದು ತಿಳಿಯುವಷ್ಟರಲ್ಲಿ ಕೊನೆಯ ಫೆರಿ ಹೋಗಿತ್ತು.
ಇನ್‌ಸ್ಟಾಲ್ ಆದ ಮೇಲೆ ಮೇನ್ ಅನ್ನು ಕರೆಯುವವಳು ನಾನಲ್ಲ.
ಯಾರೋ ಮಧ್ಯಸ್ಥ. ನನ್ನ ಫೈಲಿನ ಕೊನೆಯ ಸಾಲು
ಅವನ ಕಣ್ಣಿಗೆ ಬೀಳುವುದೇ ಇಲ್ಲ.
ಬರುತ್ತಾನೆ, ಖಾಲಿ ಕಂಸ ಹಿಡಿದು ಹೆಸರು ಕೂಗುತ್ತಾನೆ.
ಕೈತಾನನ ಮಾತೆಲ್ಲ
ಹೊರಗೆ, ಜಗಲಿಯ ಮೇಲೇ ಕೂತಿರುತ್ತದೆ.

ಹಾಗಾಗಿ ಬರೆದೆ:
ಯಾರಾದರೂ ಕೈಗಿಟ್ಟರೆ ತಗೋ,
ಪರೀಕ್ಷೆಗೆ ಕೂರಿಸುವಾಗ ನಾನು ಇಡುತ್ತೇನೆ.
ಇಡದಿದ್ದರೆ ಹಟ ಮಾಡಬೇಡ, ನೀನೇ ಎದ್ದು ಹೋಗಿ ನೋಡು.
ಮೊದಲ ಮಾತನ್ನು ಬಿಡು. ಅದು ನಿನ್ನದೇ ಹೆಸರು.

ಮಂಗಳವಾರ ಸರಿಹೋಯಿತು. ಬುಧವಾರ ಮತ್ತೆ ಇಲ್ಲ:
ಫೋನಿನ ಸಂದೇಶದಿಂದ ನಕಲು ಮಾಡಿದ್ದ ಕೈತಾನ್,
ಎರಡು ಅಡ್ಡಗೆರೆ ದಾರಿಯಲ್ಲಿ ಕೂಡಿಕೊಂಡು
ಒಂದೇ ಉದ್ದ ಗೆರೆಯಾಗಿತ್ತು.
ಅದಕ್ಕೆ ಕೋಡು ಬರೆಯಲಿಲ್ಲ. ಅವನ ಬೆರಳಿಗೇ ತೋರಿಸಿಕೊಟ್ಟೆ.

ಆಮೇಲೆ ಕೇಳಿದ, “ಉಬ್ಬರ ಅಂದರೇನು?”
ನಿಮ್ಮ ಭರ್ತಿ ಕಣಪ್ಪ, ಎಂದೆ.
“ಹಾಗೇ ಅನ್ನಬಾರದಿತ್ತೇ!” ಭರ್ತಿ ಎಂದೇ ಒತ್ತಿದ.
ಅಂಥ ಆಜ್ಞೆ ಇಲ್ಲ, ಎಂದಿತು ಯಂತ್ರ.

ಒಂದು ಸಾಲು ಸೇರಿಸಲು ಎಷ್ಟು ಹೊತ್ತು.
ಈಗ ಎರಡು ಹೆಸರು, ಒಂದೇ ಮೇನ್.
ಯಾವ ಹೆಸರಿಂದ ಕರೆದರೋ ಅದು ಬಂದು
ಸೊನ್ನೆಯ ಮಣೆಯ ಮೇಲೆ ಕೂರುತ್ತದೆ,
ಬಿಡು ಎಂದಿದ್ದೇನಲ್ಲ, ಬಿಡುತ್ತದೆ.

ಹೊರಗೆ ಫೆರಿಯ ಹಲಗೆ ಸಿಮೆಂಟಿಗೆ ಬಡಿದ ಸದ್ದು.
ಇಣುಕಿದೆ. ನಾಲ್ಕು ಮೆಟ್ಟಿಲು ಒದ್ದೆ.
ಭರ್ತಿ ಹೇಳಿದ್ದು ಐದು.
ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ,
ನಾಳೆ ನೋಡಬೇಕು.