ಕೆಳಗಿನ ಸಾಲು

ಪಂಚಾಯ್ತಿ ಗೋಡೆಗೆ ಸುಣ್ಣ ಬಳಿದು ಮೂರು ದಿನ.
ಸೆಕ್ರೆಟರಿ ಕೈಗಿತ್ತ ಹಾಳೆಯಲ್ಲಿ ಐದು ನುಡಿಮುತ್ತು,
ಅಡಿಯಲ್ಲಿ ಹೆಸರು: ಪಣಿ ಎರವರ ಅಮ್ಮಿಣಿ, ಮಾಜಿ ಅಧ್ಯಕ್ಷೆ.
ಅಕ್ಷರಕ್ಕೆ ನಾಲ್ಕು ರೂಪಾಯಿ, ಒತ್ತಕ್ಷರಕ್ಕೂ ಅಷ್ಟೇ.
ಬಣ್ಣ ನನ್ನದು, ಏಣಿ ಅವರದು.

'ಧೈರ್ಯವೇ ಬಾಳಿನ ನಂದಾದೀಪ.'
ಓದಿದೆ. ಇನ್ನೊಮ್ಮೆ ಓದಿದೆ.
ನಂದಾದೀಪವೆಂಬ ಮಾತು ಅವಳ ಬಾಯಲ್ಲಿ
ನಾನಂತೂ ಕೇಳಿಲ್ಲ.
ಲೈನ್ ಮನೆಯಲ್ಲಿ ಇದ್ದದ್ದು ಚಿಮಣಿ ಬುಡ್ಡಿ,
ಅದೂ ಸೀಮೆಎಣ್ಣೆ ಸಿಕ್ಕ ವಾರ.

ಮೂವತ್ತು ವರ್ಷ ಅವಳ ಬ್ಯಾನರು ಬರೆದವನು ನಾನು,
ಸಿದ್ದಾಪುರದ ಮೊಯ್ದು, ಮೀನು ಮಾರ್ಕೆಟ್ಟಿನ ಹಿಂದೆ ಅಂಗಡಿ.
ಮೊದಲ ಸಲ ಬಟ್ಟೆಗೆ ದುಡ್ಡಿರಲಿಲ್ಲ;
ಕಾಫಿ ಚೀಲ ಬಿಚ್ಚಿ, ಹೊಲಿದು ತಂದಿದ್ದಳು.
'ಕೂಲಿ ಕೂಡಿಸಿ' ಅಂತ ಬರಿ, ಅಷ್ಟೇ ಸಾಕು ಅಂದಳು.
ಚೀಲದ ಮೇಲೆ ತೋಟದ ಹೆಸರು ಅಳಿಯದೆ ಇತ್ತು.
"ಇರಲಿ ಬಿಡು. ಯಾರನ್ನು ಕೇಳ್ತಿದ್ದೀವಿ ಅಂತ
ಬೇರೆ ಬರೆಯೋದು ಉಳೀತು."

ಅವತ್ತೇ ಕೇಳಿದ್ದೆ, ಹೆದರಿಕೆ ಆಗಲ್ವಾ?
ಸೀರೆ ತುಸು ಎತ್ತಿ ಕಾಲು ತೋರಿಸಿದಳು,
ಹಿಮ್ಮಡಿಯ ಮೇಲೆ ಜಿಗಣೆ, ಬೆರಳು ಗಾತ್ರ:
"ಇದರ ಥರ ಅದು. ನಿಂತು ಕಿತ್ತರೆ ರಕ್ತ ನಿಲ್ಲಲ್ಲ.
ನಡೀತಾ ಇರು. ಹೊಟ್ಟೆ ತುಂಬಿದ ಮೇಲೆ
ತಾನೇ ಉದುರುತ್ತೆ."

ಇದನ್ನು ಬರೆಯಲಾ ಅಂದೆ ಸೆಕ್ರೆಟರಿಗೆ.
ಉದ್ಘಾಟನೆಗೆ ಶಾಸಕರು ಬರ್ತಾರೆ, ಜಿಗಣೆ ಬೇಡ ಮೊಯ್ದು.
ಹಾಗಾದರೆ ಆನೆಯದು?
"ಆನೆ ಬಂದರೆ ಓಡಬೇಕು, ಓಡದವನು ಪೆದ್ದ.
ರೈಟರು ಬಂದಾಗ ಓಡದೆ ಇದ್ದರೆ ಸಾಕು."
ರೈಟರ ಮಗ ಈಗ ಉಪಾಧ್ಯಕ್ಷ. ಅದೂ ಬೇಡ.

ಗೆದ್ದ ಮೊದಲ ಮೀಟಿಂಗಿಗೆ ಅವಳು ಬಂದಾಗ
ಎಲ್ಲರೂ ಕೂತಾಗಿತ್ತು. ಅಧ್ಯಕ್ಷರ ಕುರ್ಚಿಯ ಮೇಲೆ
ಯಾರದೋ ಒದ್ದೆ ಕೊಡೆ.
ಅತ್ತ ಇತ್ತ ನೋಡಿದಳು. ಯಾರೂ ನನ್ನದು ಅನ್ನಲಿಲ್ಲ.
ಕೊಡೆ ಎತ್ತಿ ಬಾಗಿಲಿಗೆ ಒರಗಿಸಿ,
ಸೆರಗಿನಲ್ಲಿ ಕುರ್ಚಿ ಒರೆಸಿ,
ಕೂತಳು.
ಮಾತೇ ಆಡಲಿಲ್ಲ ಅವತ್ತು.
ಅದನ್ನು ಹೇಗೆ ಬರೆಯೋದು,
ಅಕ್ಷರಕ್ಕೆ ನಾಲ್ಕು ರೂಪಾಯಿಯ ಲೆಕ್ಕದಲ್ಲಿ?

ಅಂದದ್ದೆಲ್ಲ ಮಾಡಿದಳು ಅಂತಲ್ಲ.
ಹದಿನೇಳು ಮನೆಗೆ ಹಕ್ಕುಪತ್ರ ಅಂದಿದ್ದಳು, ತಂದದ್ದು ಆರು.
ಉಳಿದವರು ಮನೆ ಮುಂದೆ ನಿಂತು ಬೈದರು,
ಹುಡುಗನೊಬ್ಬ ಚಪ್ಪಲಿ ಕೂಡ ತೋರಿಸಿದ.
ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು.
"ಬೈ ಮಗಾ, ಜೋರಾಗಿ ಬೈ.
ನಿಮ್ಮಪ್ಪ ಬೈಯೋಕೂ ಹೆದರ್ತಿದ್ದ."
ಆಮೇಲೆ ಒಳಗೆ ಹೋಗಿ ಅತ್ತಳಂತೆ. ಗೊತ್ತಿಲ್ಲ,
ಅದು ಅವಳ ಅಕ್ಕನ ಮಗಳು ಹೇಳಿದ್ದು.

ಏಣಿ ಹತ್ತಿದೆ. ಐದೂ ಬರೆದೆ.
ನೀಲಿ ಅಕ್ಷರ, ಹಳದಿ ನೆರಳು, ಸುತ್ತ ಬಳ್ಳಿ.
ಮಗಳ ಹೆರಿಗೆ ಹತ್ತಿರವಿತ್ತು, ದುಡ್ಡು ಬೇಕಿತ್ತು ನನಗೆ.
ಚೆನ್ನಾಗಿದೆ ಅಂದರು, ರಸೀದಿಗೆ ಸಹಿ ಹಾಕಿಸಿದರು.

ಡಬ್ಬಿಯ ತಳದಲ್ಲಿ ಕೆಂಪು ಉಳಿದಿತ್ತು.
ಒಂದು ಚುನಾವಣೆಯಲ್ಲಿ ಅವಳು ರೇಗಿದ್ದು ನೆನಪಾಯಿತು:
"ಅಷ್ಟು ಮೇಲೆ ಬರೀಬೇಡ ಮೊಯ್ದು,
ತಲೆ ಎತ್ತಿ ಎತ್ತಿ ಕತ್ತು ನೋಯುತ್ತೆ ನಮಗೆ.
ಕೂತವರಿಗೆ ಕಾಣೋ ಹಾಗೆ ಬರಿ."

ಜಾಬ್ ಕಾರ್ಡಿಗೆ ಕಾಯುವವರು ಬೆನ್ನು ಒರಗಿಸಿ ಕೂರುವ ಕಡೆ,
ನೆಲದಿಂದ ಎರಡು ಗೇಣು ಮೇಲೆ,
ಕುಕ್ಕರುಗಾಲಲ್ಲಿ ಕೂತು ಬರೆದೆ:
ನಡೀತಾ ಇರು.
ಹೆಸರು ಹಾಕಲಿಲ್ಲ. ಬಿಲ್ಲಿಗೂ ಸೇರಿಸಲಿಲ್ಲ.

ಕುಂಚ ತೊಳೆಯುತ್ತಿರುವಾಗ
ಕಂಕುಳಲ್ಲಿ ಕೂಸು ಹಿಡಿದ ಹುಡುಗಿಯೊಬ್ಬಳು ಬಂದು,
ಕೂತು, ಬೆರಳಿಟ್ಟು ಓದತೊಡಗಿದಳು,
ನ… ಡೀ…
ಬಣ್ಣ ಒಣಗಿರಲಿಲ್ಲ.
ಬೆರಳಿಗೆ ಕೆಂಪು ಹತ್ತಿ
ಡೀಯ ದೀರ್ಘ ಅಳಿಸಿಹೋಯಿತು.

ತಿದ್ದಲಿಲ್ಲ.
ಹಾಗೂ ಓದಬಹುದು.