ಕಾಲು ಸುತ್ತು

ಹೊಲಿಗೆ ಮೆಷಿನ್ನಿಗೆ ಬಿಡುವ ಎಣ್ಣೆಯೇ ಇದಕ್ಕೂ.
ಗುರುವಾರ ಅಂಗಡಿ ರಜೆ. ಮಧುಗಿರಿಯ ಬಂಡೆ
ಬಿಸಿಲು ಕುಡಿದು ಉಸಿರು ಬಿಡುವ ಮೊದಲೇ
ಬೀರುವಿನಿಂದ ಚರ್ಮದ ಪೆಟ್ಟಿಗೆ ಇಳಿಸುತ್ತೇನೆ.
ಹಿತ್ತಾಳೆ ಕೊಂಡಿ. ಒಳಗೆ ಹಸಿರು ಬನಾತು;
ನುಸಿ ತಿಂದ ಕಡೆ ನಾನೇ ಹಾಕಿದ ತೇಪೆ,
ಯಾರದೋ ರವಿಕೆಯ ಉಳಿಕೆ ಬಟ್ಟೆ,
ಬಣ್ಣ ಪೂರ್ತಿ ಹೊಂದಲಿಲ್ಲ.

ಎರಡು ತುಂಡು, ಎರಡು ಹಾಸಿಗೆ.
ಬಿಡಿಯಾಗಿದ್ದಾಗ ಒಂದು ನೀರಿನ ಪೈಪಿನ ಚೂರು,
ಇನ್ನೊಂದು ಯಾವುದೋ ಕುರ್ಚಿಯ ಮುರಿದ ಕೈ.
ಮೂತಿಗೆ ಮೂತಿ ಕೊಟ್ಟು, ಕಾಲು ಸುತ್ತು ತಿರುಗಿಸಿ,
ಟಕ್.
ನೂರು ವರ್ಷದ ಹಿಂದೆ ಬೆಲ್ಜಿಯಮ್ಮಿನಲ್ಲಿ
ಅರ ಹಿಡಿದು ಕೂತ ಯಾರೋ ಒಬ್ಬ
ಈ ಸದ್ದು ಕೇಳುವವರೆಗೆ ಊಟಕ್ಕೆ ಎದ್ದಿರಲಾರ.
ಇಷ್ಟು ಒಳ್ಳೆ ಕಾಜಾ ನಾನು ಹೊಲಿದಿಲ್ಲ.

ಸೋದರಮಾವ ಗಂಗಹನುಮಯ್ಯ ಸರ್ವೆಯಲ್ಲಿದ್ದ.
ಊರೂರಿಗೆ ಸರಪಳಿ ಎಳೆಸುತ್ತ
ಪಾವಗಡದ ಬಸ್ಸಿನಲ್ಲಿ ಇದನ್ನು ತೊಡೆಯ ಮೇಲಿಟ್ಟುಕೊಂಡರೆ
ಪಕ್ಕದವರು, “ಪಿಟೀಲಾ ಸ್ವಾಮಿ?”
“ಹ್ಞೂಂ, ಒಂದೇ ಸ್ವರ.”
ಕೌಜುಗ, ಮೊಲ. ಮೈದನಹಳ್ಳಿಯ ಹುಲ್ಲುಬಯಲಲ್ಲಿ
ಒಮ್ಮೆ ಅದಕ್ಕಿಂತ ದೊಡ್ಡದೇನೋ.
ಹಿಡಿಯ ಅಡಿಗೆ, ಕೈ ಮುಚ್ಚುವ ಜಾಗದಲ್ಲಿ,
ಹನ್ನೊಂದು ಗೀರು. ಹನ್ನೆರಡನೆಯದು ಶುರುವಾಗಿ ನಿಂತಿದೆ.
ಕೇಳಿದ್ದೆ. “ಚಾಕು ಜಾರ್ತು ಕಣಮ್ಮಿ” ಅಂದ.
ಜಾರಿದ ಚಾಕು ಅಷ್ಟು ನೆಟ್ಟಗೆ ನಿಲ್ಲುತ್ತದೆಯೇ?
ಆಮೇಲೆ ಕಾನೂನು ಬಂತು. ಅದಕ್ಕೂ ಮೊದಲೇ
ಮನೆಗೆ ತೋಟಾ ಬರುವುದು ನಿಂತಿತ್ತು ಎಂದು ಅತ್ತೆ ಹೇಳುತ್ತಾಳೆ.
ನನ್ನ ಕೈಗೆ ಬಂದದ್ದು ಮೂಗು ಪ್ರಾಣಿ.

ಲೈಸೆನ್ಸು ನನ್ನ ಹೆಸರಿಗೆ ಮಾಡಿಸಲು ತುಮಕೂರಿಗೆ ಆರು ಸಲ.
ಉದ್ದೇಶ? ಆತ್ಮರಕ್ಷಣೆ, ಬೆಳೆ ರಕ್ಷಣೆ.
ನನಗಿರುವ ಬೆಳೆ ಒಂದು ಕುಂಡ ಕಾಮಕಸ್ತೂರಿ.
ನೋಡೋದಕ್ಕೆ ಅಂದೆ. ಗುಮಾಸ್ತ ಕನ್ನಡಕ ತೆಗೆದ.
ಏನು ನೋಡ್ತೀರಿ?
ನಳಿಗೆಯ ಈ ತುದಿಗೆ ಕಣ್ಣಿಟ್ಟು ಆ ತುದಿಯ ಆಕಾಶ ನೋಡಿದರೆ
ಬೆಳಕು ಸುತ್ತಿಕೊಂಡು ಸುತ್ತಿಕೊಂಡು ಬರುತ್ತದೆ,
ಹೊಸ ಉಂಡೆಯಿಂದ ನೂಲು ಬಿಚ್ಚಿದ ಹಾಗೆ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?
ಅವನೇ ಬೆಳೆ ಅಂತ ಬರೆದುಕೊಂಡ.

ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು.
ಅಸೆಂಬ್ಲಿಗೊಮ್ಮೆ, ಪಾರ್ಲಿಮೆಂಟಿಗೊಮ್ಮೆ.
ಹೋದ ಸಲ ವಾಪಸು ಬಂದಾಗ ನಳಿಗೆಯ ನೀಲಿಯ ಮೇಲೆ
ಒಂದು ಹೆಬ್ಬೆಟ್ಟು, ತುಕ್ಕಿನಲ್ಲಿ, ಗೆರೆಗೆರೆ ಸಮೇತ.
ಯಾರೋ ರಾತ್ರಿ ಪಾಳಿಯವನು ಪೆಟ್ಟಿಗೆ ತೆಗೆದು
ಬೆವರಿದ ಕೈಯಲ್ಲಿ ಎತ್ತಿ ನೋಡಿದ್ದಾನೆ.
ಎರಡು ದಿನ ಸಿಟ್ಟು. ಮೂರನೇ ದಿನ
ಸೀಮೆಎಣ್ಣೆ, ಮೆತ್ತನೆ ಮಲ್ಲು, ತಾಳ್ಮೆ.
ಪೂರಾ ಹೋಗಿಲ್ಲ. ಓರೆ ಬಿಸಿಲಿಗೆ ಹಿಡಿದರೆ ಈಗಲೂ
ಆ ಗೆರೆಗಳು ನನಗೆ ಗೊತ್ತಾಗುತ್ತವೆ.

ಈ ಸಲ ಹೊಸ ರೈಟರು, ಪುಟ್ಟಶಾಮಯ್ಯ.
ಪೆಟ್ಟಿಗೆ ತೆರೆದು, ಪೆನ್ನು ಹಿಡಿದು ಯೋಚನೆಗೆ ಬಿದ್ದರು.
“ಒಂದು ಅಂತ ಬರೀಲೋ ಎರಡು ಅಂತ ಬರೀಲೋ?”
ಎರಡು ಬರೆದರೆ ನನ್ನ ಲೈಸೆನ್ಸು ಸುಳ್ಳು.
ಒಂದು ಬರೆದರೆ ಅವರ ಕಣ್ಣು ಸುಳ್ಳು.
ನಾನು ಮಾತಾಡಲಿಲ್ಲ. ಎತ್ತಿಕೊಂಡೆ, ಮೂತಿ ಕೂಡಿಸಿದೆ,
ಕಾಲು ಸುತ್ತು.
ಟಕ್.
ವೈರ್‌ಲೆಸ್ಸಿನವನು ತಿರುಗಿದ. ಲಾಕಪ್ಪಿನಿಂದ
ಯಾರೋ ಕಂಬಿಗೆ ಮುಖ ಒತ್ತಿದರು.
ಮೇಕೆ ಕಳವಿನ ದೂರು ಹಿಡಿದು
ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದ ಮುದುಕಿ
ಎಲೆಅಡಿಕೆ ಅಗಿಯುವುದು ನಿಲ್ಲಿಸಿ,
“ಇನ್ನೊಂದ್ಸಲ ಮಾಡವ್ವ” ಅಂದಳು.